ಮಾಸ್ಟರ್ ಹೆಂಡತಿಯ ಕೂಲಿ

ಆಕೆಯ ಹನ್ನೊಂದನೇ ದಿನದ ಊಟಕ್ಕೆ ಹೋದವಳು ಊಟ ಮಾಡದೆ ಎದ್ದು ಬಂದೆ. ಮನೆಯ ಮುಂದೆ ಹಾಕಿದ್ದ ಶಾಮಿಯಾನದ ಕೆಳಗೆ ಕೂತವರೆಲ್ಲ ಆಕೆಯನ್ನು ಹೊಗಳುತ್ತಿದ್ದರು. ಸಹನಾಮೂರ್ತಿ ಅಂದರು ಒಬ್ಬರು. ಭೂಮಿತಾಯಿ ಅಂದರು ಇನ್ನೊಬ್ಬರು. ಊರಿನ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡು, "ಒಂದ್ ದಿನಾನಾದ್ರೂ ಗಂಡನ್ನ ಇದು ಬೇಕು ಅಂತ ಬಾಯ್ಬಿಟ್ಟು ಕೇಳ್ದೋಳಲ್ಲ ಪುಣ್ಯಾತ್ಗಿತ್ತಿ" ಎಂದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಕೇಳುವುದೇ ಆಕೆ ಜೀವಮಾನವಿಡೀ ಮಾಡಿದ ಕೆಲಸ. ಬಾಯಿಬಿಟ್ಟು ಕೇಳಿದಳು, ಜಗಳವಾಡಿ ಕೇಳಿದಳು, ತುಂಬಿದ ಮದುವೆ ಮನೆಯಲ್ಲಿ ಎಲ್ಲರಿಗೂ ಕೇಳಿಸುವ ಹಾಗೆ ಕೇಳಿದಳು. ಕೇಳಿದ್ದೂ ಒಂದೇ ಒಂದು. ನನ್ನ ಕೂಲಿ ನನ್ನ ಕೈಗೆ ಕೊಡಿ ಅಂತ.

ಸತ್ತವರ ಬಗ್ಗೆ ಒಳ್ಳೆಯ ಮಾತನ್ನೇ ಆಡಬೇಕಂತೆ. ಆಡೋಣ. ಆಕೆ ಜಗಳಗಂಟಿಯಾಗಿದ್ದಳು. ನಾನು ಆಡಬಲ್ಲ ಅತ್ಯಂತ ಒಳ್ಳೆಯ ಮಾತು ಅದು.

ನಾನು ಬಂಗಾರಪೇಟೆಯ ಒಂದು ಕಲ್ಯಾಣ ಮಂಟಪದಲ್ಲಿ ಮ್ಯಾನೇಜರ್. ಹೆಸರಿಗೆ ಮ್ಯಾನೇಜರ್, ಅಷ್ಟೆ. ಬುಕಿಂಗ್ ಬರೆದುಕೊಳ್ಳುವುದು, ಕರೆಂಟು ಹೋದರೆ ಜನರೇಟರ್ ಹಾಕಿಸುವುದು, ಹೆಣ್ಣಿನ ಕಡೆಯವರಿಗೂ ಗಂಡಿನ ಕಡೆಯವರಿಗೂ ಬಿಸಿನೀರಿನ ವಿಷಯಕ್ಕೆ ಜಗಳವಾದರೆ ಬಿಡಿಸುವುದು, ಎಲ್ಲ ನಾನೇ. ಮನೆ ಕೋರಮಂಡಲ್‌ನಲ್ಲಿ, ಅಪ್ಪನಿಗೆ ಚಿನ್ನದ ಗಣಿಯ ಕಾಲದಲ್ಲಿ ಸಿಕ್ಕಿದ್ದ ಲೈನ್ ಮನೆ. ನನಗಿಂತ ಮೊದಲು ಈ ಕೆಲಸದಲ್ಲಿ ಒಬ್ಬ ಗಂಡಸು ಇದ್ದರು. ಅವರಿಗಿಂತ ಕಡಿಮೆ ಸಂಬಳಕ್ಕೆ ನನ್ನನ್ನು ಸೇರಿಸಿಕೊಂಡಾಗ ಮಂಟಪದ ಓನರ್ ಹೇಳಿದ್ದು ಇಷ್ಟು: "ನಿಮಗೇನಮ್ಮ, ಯಜಮಾನ್ರು ದುಡೀತಾರೆ." ನಮ್ಮ ಯಜಮಾನರು ಆಗ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದರು. ಈಗಲೂ ಕೂತಿದ್ದಾರೆ. ಕೂತವರಿಗೆ ಕಾಫಿ ಮಾಡಿ ಕೊಟ್ಟೇ ನಾನು ಬೆಳಿಗ್ಗೆ ಬಸ್ಸು ಹತ್ತುವುದು. ಅದಿರಲಿ, ಇದು ನನ್ನ ಕತೆಯಲ್ಲ.

ಆಕೆಯ ಗಂಡ ನಮ್ಮ ಕಡೆ ದೊಡ್ಡ ಹೆಸರಿನ ಅಡುಗೆ ಮಾಸ್ಟರ್. ಬೇತಮಂಗಲದ ರಸ್ತೆಯಲ್ಲಿ ಒಂದು ಹಳ್ಳಿ ಅವರದು. ಸ್ವಲ್ಪ ಹೊಲ, ಎರಡು ಹಸು, ಅದರ ಮೇಲೆ ಮದುವೆ ಅಡುಗೆಯ ಕಾಂಟ್ರಾಕ್ಟು. ಹೆಂಡತಿಯ ವಿಷಯ ಬಿಟ್ಟರೆ ಕೆಟ್ಟ ಮನುಷ್ಯ ಅಂತ ಹೇಳಲಾರೆ. ಕುಡಿತವಿಲ್ಲ, ಕೈಮಾಡಿದವರಲ್ಲ, ಮುಂಗಡ ತೆಗೆದುಕೊಂಡು ಕೈಕೊಟ್ಟವರಲ್ಲ. ಮದುವೆಯ ಮಾರನೆಯ ದಿನ ಬೀಗರ ಊಟಕ್ಕೆ ಅವರು ಮಾಡುವ ಮಟನ್ ಸಾರಿಗೆ ಕೋಲಾರದಿಂದಲೂ ಜನ ಬರುತ್ತಾರೆ. ಗಂಡನ ಹೆಸರಿನ ಹಿಂದೆ ನಿಜವಾದ ಕೈರುಚಿ ಹೆಂಡತಿಯದೇ ಇರಬೇಕು ಎಂದು ನೀವು ಊಹಿಸಿದ್ದರೆ, ತಪ್ಪು. ಆಕೆಯ ಅಡುಗೆ ತೀರ ಸಾಧಾರಣ. ನಾನೇ ಉಂಡಿದ್ದೇನೆ. ಈ ಮಾತನ್ನು ಆಕೆಯ ಮುಂದೆಯೇ ಯಾರೋ ಎತ್ತಿದ್ದರು. ಆಕೆ ಈರುಳ್ಳಿ ಹೆಚ್ಚುತ್ತಲೇ ಹೇಳಿದಳು, "ರುಚಿ ಅವನ್ದೇ ಕಣಮ್ಮ, ನಾನ್ಯಾಕೆ ಸುಳ್ಳೇಳ್ಲಿ. ನಾನು ರುಚಿಗೆ ದುಡ್ಡು ಕೇಳ್ತಿಲ್ಲ. ಕೆಲ್ಸಕ್ಕೆ ಕೇಳ್ತಿದ್ದೀನಿ."

ಮದುವೆ ಅಡುಗೆಯ ಲೆಕ್ಕ ತಿಳಿಯದವರಿಗೆ ಇಷ್ಟು ಹೇಳಬೇಕು. ಒಲೆಯ ಮುಂದೆ ನಿಲ್ಲುವವರು ಗಂಡಸರು. ಹೆಂಗಸರು ಹಿಂದಿನ ಅಂಗಳದಲ್ಲಿ ಕೂತು ತರಕಾರಿ ಹೆಚ್ಚಬೇಕು, ಬೆಳ್ಳುಳ್ಳಿ ಸುಲಿಯಬೇಕು, ಕಾಯಿ ತುರಿಯಬೇಕು, ಗಂಡಸರು ತೊಳಸಿ ಇಳಿಸಿದ ಮುದ್ದೆಯನ್ನು ಹಲಗೆಯ ಮೇಲೆ ಬಿಸಿಬಿಸಿಯಾಗಿ ಉಂಡೆ ಕಟ್ಟಬೇಕು, ಕೊನೆಗೆ ಆಳು ಇಳಿಯುವಷ್ಟು ದೊಡ್ಡ ಪಾತ್ರೆಗಳನ್ನು ಬೆಳಗಬೇಕು. ಒಲೆಯ ಹತ್ತಿರ ಮಾತ್ರ ಬರುವ ಹಾಗಿಲ್ಲ, ಮೈಲಿಗೆ. ಒಲೆಯ ಮುಂದಿನವರಿಗೆ ಒಂದು ಕೂಲಿ, ಅಂಗಳದವರಿಗೆ ಅದರ ಅರ್ಧ. ಮಾಸ್ಟರ್ ಹೆಂಡತಿಗೆ ಅದೂ ಇಲ್ಲ. "ಅವ್ಳಿಗೆಂಥ ಕೂಲಿ ಮೇಡಂ. ಈ ಜೇಬಿಂದ ತೆಗ್ದು ಆ ಜೇಬಿಗೆ ಆಕ್ದಂಗೆ" ಎಂದು ಮಾಸ್ಟರ್ ನನಗೇ ಒಮ್ಮೆ ನಕ್ಕು ಹೇಳಿದ್ದರು. ಎರಡು ಜೇಬೂ ಅವರ ಅಂಗಿಯಲ್ಲೇ ಇದ್ದವು.

ಮೈಲಿಗೆಯ ವಿಷಯಕ್ಕೆ ಆಕೆಗೆ ನಗು ಬರುತ್ತಿತ್ತು. ನಕ್ಕರೆ ಬೈಗುಳದ ಹಾಗೆ ಕೇಳಿಸುವ ನಗು. "ಮನೇಲಿ ಮೂರೊತ್ತೂ ಇದೇ ಕೈಯಾಗ್ ಬೇಸಾಕಿದ್ದು ತಿಂತಾನೆ ಅಕ್ಕಾ. ಅಲ್ಲಿಲ್ಲ ಮೈಲ್ಗೆ. ದುಡ್ಡು ಬರೋ ಒಲೆಗೆ ಮಾತ್ರ ಮೈಲ್ಗೆ" ಅನ್ನುತ್ತಿದ್ದಳು.

ಕುಳ್ಳಗೆ, ಗಟ್ಟಿಮುಟ್ಟಾಗಿದ್ದಳು. ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಕಟ್ಟಿ, ತಲೆಗೊಂದು ಟವೆಲ್ ಸುತ್ತಿಕೊಂಡರೆ ಇಡೀ ಅಂಗಳ ಆಕೆಯದು. ಕೆಲಸಕ್ಕೆ ಬರುವ ಹೆಂಗಸರಲ್ಲಿ ಅರ್ಧದಷ್ಟು ಜನ ನಂದಿದುರ್ಗ ಗಣಿಯ ಲೈನುಗಳ ತಮಿಳಿನವರು, ಅವರ ಹತ್ತಿರ ತಮಿಳು. ಬೈಯುವುದಕ್ಕೆ ತವರಿನ ತೆಲುಗು. ನನ್ನ ಹತ್ತಿರ ಕನ್ನಡ. ಅಳುವುದು ಯಾವ ಭಾಷೆಯಲ್ಲೋ ಗೊತ್ತಿಲ್ಲ, ನಾನು ನೋಡಿಲ್ಲ. ಮಾತಾಡುವಾಗ ಅಂಗೈಯನ್ನು ಬಾಯಿಯ ಹತ್ತಿರ ತಂದು ಉಫ್ ಎಂದು ಊದಿಕೊಳ್ಳುವ ಅಭ್ಯಾಸ. ಮುದ್ದೆ ಕಟ್ಟಿ ಕಟ್ಟಿ ಬಂದದ್ದು. ಕೈಯಲ್ಲಿ ಮುದ್ದೆ ಇಲ್ಲದಾಗಲೂ ಊದಿಕೊಳ್ಳುತ್ತಿದ್ದಳು.

ಮಂಟಪದ ಅಡುಗೆ ಮನೆಯಲ್ಲಿ ಗಂಡನನ್ನು ಆಕೆ ಎಲ್ಲರ ಹಾಗೆ 'ಮಾಸ್ಟ್ರೇ' ಎಂದೇ ಕರೆಯುತ್ತಿದ್ದಳು. ಯಾಕೆ ಎಂದು ಕೇಳಿದ್ದಕ್ಕೆ, "ಇಲ್ಲಿ ಗಂಡ ಅಂತ ಕರುದ್ರೆ ಇವನು ಅದನ್ನೇ ನೆಪ ಮಾಡ್ಕಂಡು ಕೂಲಿ ಕೊಡಲ್ಲ" ಎಂದಿದ್ದಳು. ಮಾಸ್ಟ್ರೇ ಎಂದು ಕರೆದರೂ ಕೊಡಲಿಲ್ಲ.

ಒಮ್ಮೆ ನಂದಿದುರ್ಗದ ಕಡೆಯ ಒಬ್ಬಳು ಹುಡುಗಿ ಕೈಗೂಸನ್ನು ಎತ್ತಿಕೊಂಡು ಕೆಲಸಕ್ಕೆ ಬಂದಿದ್ದಳು. ಉಗ್ರಾಣದ ಕಿಟಕಿಗೆ ಹಳೆ ಸೀರೆಯ ಜೋಲಿ ಕಟ್ಟಿ ಮಲಗಿಸಿದ್ದಳು. ಮಗು ಎದ್ದಾಗ ಹೋಗಿ ಹಾಲು ಕುಡಿಸಿ ಬರುತ್ತಿದ್ದಳು. ಸಾಯಂಕಾಲ ಕೂಲಿ ಕೊಡುವಾಗ ಮಾಸ್ಟರ್ ಅದಕ್ಕೆಂದು ಮುರಿದುಕೊಂಡು ಕೊಟ್ಟರು. ಹುಡುಗಿ ತಲೆ ತಗ್ಗಿಸಿ ಈಸಿಕೊಂಡಳು. ಮಾಸ್ಟರ್ ಹೆಂಡತಿ ಬೆಳಗುತ್ತಿದ್ದ ಪಾತ್ರೆ ಬಿಟ್ಟು ಎದ್ದು ಬಂದಳು.

"ಯಾಕ್ ಮಾಸ್ಟ್ರೇ, ಕಮ್ಮಿ ಐತೆ?"

"ಅರ್ಧ ಒತ್ತು ಮಗೀನ್ ತಾವೇ ಇದ್ಲಲ್ಲ."

"ಒಲೆ ಮುಂದ್ಗಡೆ ಇರೋರು ಗಳಿಗೆಗೊಂದ್ಸಲ ಬೀಡಿ ಸೇದಕ್ಕೆ ಆಚೆಗ್ ಓದ್ರಲ್ಲ. ಅವರ್ದು ಮುರ್ಕಂಡ್ರಾ?"

"ಅದು ಬೇರೆ, ಇದು ಬೇರೆ."

"ಎಂಗೆ ಬೇರೆ? ಮೊಲೆ ಇಂದ ಬೀಡಿ ಒಗೆ ಬರಲ್ಲ, ಅದ್ಕಾ?"

ಗಂಡಸರೆಲ್ಲ ಬೇರೆ ಕಡೆ ನೋಡಿದರು. ಮಾಸ್ಟರ್ ಸಿಡುಕುತ್ತಲೇ ಉಳಿದ ದುಡ್ಡನ್ನು ಹುಡುಗಿಯ ಕೈಗೆ ಹಾಕಿದರು. ಆಮೇಲೆ ನಾನು ಆಕೆಯನ್ನು ಕೇಳಿದೆ, ನಿನ್ನ ಮಕ್ಕಳು ಕೂಸಾಗಿದ್ದಾಗ ಏನು ಮಾಡಿದೆ ಎಂದು. ಬೆನ್ನಿಗೆ ಕಟ್ಟಿಕೊಂಡೇ ಕಾಯಿ ತುರಿದಳಂತೆ. "ಆವಾಗ ಮುರ್ಕಂಡ್ರಾ?" ಎಂದೆ. "ಮುರ್ಕಳಕ್ಕೆ ನಂದು ಅಂತ ಏನಾರ ಇದ್ರೆ ತಾನೇ" ಎಂದು ಮತ್ತೆ ಪಾತ್ರೆಯ ಒಳಗಿಳಿದಳು.

ಮುಂದಿನ ಮದುವೆಯೊಂದರ ಲೆಕ್ಕ ಮಾತಾಡಲು ಒಂದು ಮಧ್ಯಾಹ್ನ ಅವರ ಮನೆಗೆ ಹೋಗಿದ್ದೆ. ಹಿಂದಿನ ದಿನವೆಲ್ಲ ದುಡಿದು ಗಂಡ ಹೆಂಡತಿ ಇಬ್ಬರೂ ಒಂದೇ ಗಾಡಿಯಲ್ಲಿ ಆಗತಾನೇ ಬಂದಿದ್ದರು. ಮಾಸ್ಟರ್ ಜಗುಲಿಯ ಮಂಚದ ಮೇಲೆ ಕಾಲು ಚಾಚಿ ಮಲಗಿದ್ದರು. ಒಲೆಯ ಮುಂದೆ ನಿಂತು ಕಾಲು ಊದಿದೆಯಂತೆ. ಊದಿರಬಹುದು, ಆಕೆಯ ಕಾಲೂ ಊದಿತ್ತು. ಆಕೆ ಬಂದವಳೇ ಹಸುಗಳಿಗೆ ನೀರಿಟ್ಟು, ಸಗಣಿ ಬಾಚಿ, ಗಂಡನ ಕಾಲಿಗೆ ಬಿಸಿನೀರು ಕಾಯಿಸಿ ಕೊಟ್ಟು, ಅಡುಗೆಗೆ ಕೂತಿದ್ದಳು. ಮಗನಿಗೆ ಜ್ವರ, ಮಧ್ಯೆ ಮಧ್ಯೆ ಎದ್ದು ಹೋಗಿ ಹಣೆ ಮುಟ್ಟಿ ಬರುತ್ತಿದ್ದಳು. ಸಾವಿರ ಜನಕ್ಕೆ ಅಡುಗೆ ಮಾಡಿ ಹಾಕುವ ಮನುಷ್ಯ ತನ್ನ ಮನೆಯಲ್ಲಿ ಒಂದು ಲೋಟ ನೀರು ಬಗ್ಗಿಸಿಕೊಳ್ಳುವುದನ್ನು ನಾನು ನೋಡಲಿಲ್ಲ. ಊಟಕ್ಕೆ ಕೂತವರು ಒಂದು ತುತ್ತು ಬಾಯಿಗಿಟ್ಟು, ಸಾರಿಗೆ ಉಪ್ಪು ಸಾಲದು ಎಂದರು. ಮನೆಗೆ ಬಂದವಳ ಮುಂದೆ.

ಆಕೆ ತಲೆ ಎತ್ತಲಿಲ್ಲ. "ಉಪ್ಪು ಅಲ್ಲೈತೆ" ಎಂದಳು.

ಮಾಸ್ಟರ್ ಎದ್ದು ಹಾಕಿಕೊಳ್ಳಲಿಲ್ಲ. ಉಪ್ಪಿಲ್ಲದೆಯೇ ಉಂಡರು. ಅಡುಗೆ ಮಾಡಿ ಹೆಸರು ಮಾಡಿದವರಿಗೆ ಅಡುಗೆ ಮನೆಯ ಹೊಸ್ತಿಲು ದಾಟಿದರೆ ಮಾನ ಹೋಗುತ್ತದೆಂದು ಭಯ. ಮಗಳು ಶಾಲೆಯಿಂದ ಬಂದು ಮಾರ್ಕ್ಸ್ ಕಾರ್ಡ್ ತೋರಿಸಿದಳು. ಎಲ್ಲದರಲ್ಲೂ ಒಳ್ಳೆಯ ನಂಬರು. ಮಾಸ್ಟರ್ ಮುಖ ಅರಳಿ, "ನನ್ ಮಗ್ಳು ನೋಡಿ ಮೇಡಂ" ಎಂದರು. ಆಕೆ ಒಳಗಿನಿಂದಲೇ ಹೇಳಿದಳು, "ಓದ್ಸಲ ಲೆಕ್ಕದಾಗ ಫೇಲಾದಾಗ ನನ್ ಮಗ್ಳಾಗಿದ್ಲು ಅಕ್ಕಾ, ಇವತ್ತು ಅಪ್ಪನ್ ಕಡೀಗ್ ಓದ್ಲು."

ಇನ್ನು ಆ ಬೀಗರ ಊಟದ ಕತೆ. ಅದನ್ನು ಈಗಲೂ ಬಂಗಾರಪೇಟೆಯಲ್ಲಿ ಹೇಳಿಕೊಂಡು ನಗುತ್ತಾರೆ. ನನಗೆ ಅದರಲ್ಲಿ ನಗುವುದೇನಿದೆ ಎಂದು ತಿಳಿದಿಲ್ಲ.

ನಮ್ಮ ಮಂಟಪದಲ್ಲೇ ನಡೆದದ್ದು. ಹೆಣ್ಣಿನ ತಂದೆ ಮಾಸ್ಟರಿಗೆ ಮುಂಗಡ ಕೊಡುವಾಗ ಮರ್ಯಾದೆಗೆ ಒಂದು ಲಗ್ನಪತ್ರಿಕೆಯನ್ನೂ ಕೈಗಿಟ್ಟು, "ಮನೆಯೋರ್ನೂ ಕರ್ಕಂಡು ಊಟಕ್ ಬನ್ನಿ" ಎಂದಿದ್ದರು. ಹಾಗೆ ಎಲ್ಲರೂ ಅನ್ನುತ್ತಾರೆ, ಯಾರೂ ಬರುವುದಿಲ್ಲ. ಆಕೆ ಆ ಮಾತನ್ನು ಹಾಗೇ ಹಿಡಿದುಕೊಂಡಳು. ಹಿಂದಿನ ವಾರವಷ್ಟೇ ಮತ್ತೊಮ್ಮೆ ಕೂಲಿ ಕೇಳಿ, "ಎಂಡ್ತಿಗ್ಯಾರಾದ್ರೂ ಕೂಲಿ ಕೊಡ್ತಾರೇನೇ" ಅನ್ನಿಸಿಕೊಂಡಿದ್ದಳು.

ಬೀಗರ ಊಟದ ದಿನ ಮಾಸ್ಟರ್ ಬೆಳಗಿನ ಜಾವವೇ ಆಳುಗಳ ಜೊತೆ ಬಂದರು. ಹೆಂಡತಿ ಹಸುವಿನ ಕೆಲಸ ಮುಗಿಸಿಕೊಂಡು ಹಿಂದಿನಿಂದ ಬರುತ್ತಾಳೆ ಎಂದು ಒಂದು ಕೈ ಕಡಿಮೆಯೇ ಕರೆತಂದಿದ್ದರು. ಅವರ ಕಾಂಟ್ರಾಕ್ಟಿನಲ್ಲಿ ಲಾಭ ಅಂತ ಉಳಿಯುತ್ತಿದ್ದದ್ದೇ ಹೀಗೆ. ಹೊತ್ತು ಏರಿತು, ಆಕೆ ಬರಲಿಲ್ಲ. ಮೊದಲ ಪಂಕ್ತಿ ಕೂರುವ ಹೊತ್ತಿಗೆ ಬಂದಳು, ಹಿಂದಿನ ಬಾಗಿಲಿಂದ ಅಲ್ಲ, ಮುಂದಿನ ಬಾಗಿಲಿಂದ. ತನ್ನ ಮದುವೆಯ ಧಾರೆ ಸೀರೆ ಉಟ್ಟಿದ್ದಳು, ತಲೆ ತುಂಬ ಕನಕಾಂಬರ. ಬಾಗಿಲಲ್ಲಿ ಕೊಟ್ಟ ಅರಿಶಿನ ಕುಂಕುಮ ತೆಗೆದುಕೊಂಡು, ನನ್ನ ಕಡೆ ನೋಡಿ ತಲೆಯಾಡಿಸಿ, ನೇರ ಹೋಗಿ ಎಲೆಯ ಮುಂದೆ ಕೂತಳು. ಹೆಣ್ಣಿನ ತಾಯಿಗೆ ಆಕೆ ಯಾರೆಂದು ತಿಳಿಯದೆ, ಗಂಡಿನ ಕಡೆಯವರೆಂದುಕೊಂಡು, ಚೆನ್ನಾಗಿ ಊಟ ಮಾಡಿ ಎಂದು ಉಪಚಾರ ಮಾಡಿಹೋದರು.

ಅತ್ತ ಹಿಂದೆ ಮುದ್ದೆ ಇಳಿಸಿಯಾಗಿತ್ತು. ಕಟ್ಟುವ ಕೈ ಸಾಲದು. ಬಿಸಿ ಆರಿದರೆ ಮುದ್ದೆ ಒಡೆಯುತ್ತದೆ, ನೀರು ಮುಟ್ಟಿ ಮುಟ್ಟಿ ಕಟ್ಟಲು ನಿಂತ ಗಂಡಸರು ಕೈ ಸುಟ್ಟುಕೊಂಡು ಕುಣಿಯುತ್ತಿದ್ದರು. ಬಂದ ಮುದ್ದೆಗಳು ಒಂದೊಂದು ಒಂದೊಂದು ಆಕಾರ. ಪಂಕ್ತಿಯಲ್ಲಿ ಗುಜುಗುಜು ಶುರುವಾಯಿತು. ಮಾಸ್ಟರ್ ಸೌಟು ಹಿಡಿದೇ ಹೊರಗೆ ಬಂದರು, ಹೆಂಡತಿಯನ್ನು ಎಲೆಯ ಮುಂದೆ ಕಂಡರು.

"ಏಯ್, ಎದ್ದೇಳೇ. ಒಳೀಕ್ ಬಾ."

ಆಕೆ ಮುರಿದ ಮುದ್ದೆಯನ್ನು ಸಾರಿಗೆ ಅದ್ದುತ್ತಾ ಕೇಳಿದಳು, "ಯಾರ್ನ ಕರೀತಿದ್ದೀರಿ ಮಾಸ್ಟ್ರೇ? ಎಂಡ್ತೀನಾ, ಕೂಲಿಯೋಳ್ನಾ?"

"ಇದೇನು ಇಲ್ಲಿ ನಿನ್ ಆಟ? ಮಾನ ಕಳೀಬೇಡ."

"ಎಂಡ್ತಿ ಆದ್ರೆ ಕರ್ದವ್ರೆ, ಉಣ್ಣಕ್ ಬಂದಿದ್ದೀನಿ. ಉಂಡ್ಬುಟ್ಟು ಓಯ್ತೀನಿ. ಕೂಲಿಯೋಳಾದ್ರೆ ಎಷ್ಟು ಕೊಡ್ತೀರಿ, ಏಳಿ. ಇವಾಗ್ಲೇ ಎದ್ದು ಬತ್ತೀನಿ."

ಬೀಗರು, ಬೀಗಿತ್ತಿಯರು, ಎಲೆಗೆ ಬಡಿಸಲು ಬಂದ ಹುಡುಗರು, ಎಲ್ಲರೂ ಮಾಸ್ಟರ್ ಬಾಯಿಯನ್ನೇ ನೋಡುತ್ತಿದ್ದರು. ಯಾರೋ ಮುದುಕಿ, "ಕೊಟ್ಬಿಡಪ್ಪ, ಮುದ್ದೆ ಆರೋಗ್ತದೆ" ಅಂದಳು. ಮಾಸ್ಟರ್ ನೆಲ ನೋಡುತ್ತಾ, "ಕೊಡ್ತೀನಿ, ಬಾ" ಎಂದರು. ಎಷ್ಟು ಎಂದು ಆಕೆ ಮತ್ತೆ ಕೇಳಿದಳು. "ಎಂಗಸ್ರಿಗ್ ಕೊಡೋದು." ಆಕೆ ಅವಸರ ಮಾಡಲಿಲ್ಲ. ಎಲೆಯಲ್ಲಿದ್ದುದನ್ನು ಉಂಡು, ಕೈತೊಳೆದು, ಸೆರಗು ಸಿಕ್ಕಿಸಿ, ಆ ಧಾರೆ ಸೀರೆಯಲ್ಲೇ ಮುದ್ದೆಯ ಹಲಗೆಯ ಮುಂದೆ ಹೋಗಿ ನಿಂತಳು.

ಗೆದ್ದಳು ಅಂದುಕೊಂಡೆ ನಾನು. ಆ ಸಾಯಂಕಾಲ ಎಲ್ಲರ ಮುಂದೆ ಮಾಸ್ಟರ್ ಕೂಲಿ ಕೊಟ್ಟರು. ಆಕೆ ಈಸಿಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮುಂದಿನ ಸಲ ಬಂದಾಗ ಕೇಳಿದೆ, ದುಡ್ಡು ಏನು ಮಾಡಿದೆ ಎಂದು. "ಮನೀಗ್ ಓಗಿ ಕಾಲ್ ತೊಳ್ಯೋಕ್ ಮುಂಚೆ ಅಕ್ಕಿ ಇಲ್ಲ, ಬೂಸಾ ಇಲ್ಲ ಅಂದ. ನಿನ್ ತಾವ್ ಐತಲ್ಲ ದುಡ್ಡು, ತಂದಾಕು ಅಂದ" ಎಂದಳು. ಅಲ್ಲಿಂದ ಮುಂದೆ ಅದೇ ರೂಢಿಯಾಯಿತು. ಆಕೆಯ ಅರ್ಧ ಕೂಲಿ ಮನೆಯ ಅಕ್ಕಿಗೆ, ಹಸುವಿನ ಬೂಸಾಕ್ಕೆ, ಮಕ್ಕಳ ಫೀಸಿಗೆ. ಮಾಸ್ಟರ್ ದುಡಿದದ್ದು ಮಾಸ್ಟರಿಗೆ, ಹೊಸ ಪಾತ್ರೆಗೆ, ಹೊಸ ಗಾಡಿಗೆ, ಹೊಸ ಬೋರ್ಡಿಗೆ. ಗಾಡಿಯೂ ಬೋರ್ಡೂ ಕಣ್ಣಿಗೆ ಕಾಣುತ್ತವೆ. ತಿಂದ ಅಕ್ಕಿ ಯಾರ ಕಣ್ಣಿಗೆ ಕಾಣುತ್ತದೆ?

ಆಕೆ ಅಲ್ಲಿಗೂ ಬಿಡಲಿಲ್ಲ. ಮುದ್ದೆ ತೊಳಸುವವನು ಒಂದು ಮದುವೆಯ ಸೀಸನ್ನಿನಲ್ಲಿ ಜಗಳವಾಡಿಕೊಂಡು ಕೆಲಸ ಬಿಟ್ಟು ಹೋದ. ಆ ಕೆಲಸ ತಮಾಷೆಯಲ್ಲ. ಕುದಿಯುವ ಹಂಡೆಗೆ ಹಿಟ್ಟು ಸುರಿದು, ಎದೆಯ ಎತ್ತರದ ಕೋಲಿನಿಂದ ಗಂಟಿಲ್ಲದಂತೆ ತಿರುವಬೇಕು. ಬೇರೆ ಯಾರೂ ಸಿಗದಾಗ ಮೈಲಿಗೆಯ ಮಾತು ಅದೆಲ್ಲಿ ಹೋಯಿತೋ, ಮಾಸ್ಟರ್ ಹೆಂಡತಿಯ ಕೈಗೆ ಕೋಲು ಕೊಟ್ಟರು. ಆ ಸೀಸನ್ ಪೂರ್ತಿ ಆಕೆಯೇ ತೊಳಸಿದಳು, ಆಮೇಲೆಯೂ ಆಕೆಯೇ. ತೊಳಸಿ ಇಳಿಸಿ, ಮತ್ತೆ ಹಲಗೆಗೆ ಬಂದು ಕಟ್ಟುತ್ತಿದ್ದಳು. ಬಿಟ್ಟುಹೋದವನ ಕೂಲಿ ಆಕೆಗೆ ಬರಬೇಕಿತ್ತು. ಬರಲಿಲ್ಲ. ಕೇಳಿದರೆ ಮಾಸ್ಟರ್ ಹೇಳಿದ್ದು, "ಎಂಗಸ್ರ ರೇಟು ಅಷ್ಟೇ. ನಾನೇನ್ ಮಾಡ್ಲಿ, ಊರ್ ಲೆಕ್ಕ ಅದು." ನಾನೂ ಅಲ್ಲೇ ಇದ್ದೆ. ಆಕೆ ಎರಡೂ ಅಂಗೈಯನ್ನು ಅವರ ಮುಖದ ಮುಂದೆ ಹಿಡಿದಳು.

"ಎಂಗಸ್ರು ಅಂತ ಮುದ್ದೆ ಬಿಸಿ ಏನಾರ ಕಮ್ಮಿ ಆಯ್ತದಾ ಮಾಸ್ಟ್ರೇ?"

ಇದಕ್ಕೆ ಉತ್ತರವಿಲ್ಲ ಅಂತ ನಿಮಗೂ ಗೊತ್ತು, ನನಗೂ ಗೊತ್ತು, ಮಾಸ್ಟರಿಗೂ ಗೊತ್ತಿತ್ತು. ಉತ್ತರವಿಲ್ಲದ ಮಾತ್ರಕ್ಕೆ ಯಾರೂ ಜೇಬಿಗೆ ಕೈ ಹಾಕುವುದಿಲ್ಲ. ಅದನ್ನು ನಾನು ಕಲಿತದ್ದು ಆ ಅಂಗಳದಲ್ಲಿ. ನಮ್ಮ ಓನರ್ ಹತ್ತಿರ ಸಂಬಳ ಕೇಳಲು ಹೋದಾಗಲೆಲ್ಲ ಒಳ್ಳೊಳ್ಳೆಯ ಮಾತು ಜೋಡಿಸಿಕೊಂಡು ಹೋಗುತ್ತಿದ್ದೆ, ಮಾತಿನಲ್ಲಿ ಗೆದ್ದು ಅದೇ ಸಂಬಳಕ್ಕೆ ಬಂದು ಕೂರುತ್ತಿದ್ದೆ.

ಆಕೆ ಸತ್ತದ್ದು ಕೆಲಸಕ್ಕೆ ಹೋಗುವಾಗ. ಮಾಸ್ಟರ್ ಗಾಡಿಯಲ್ಲಿ ಮುಂದಿನ ಸೀಟು ಗಂಡಸರಿಗೆ, ಹೆಂಗಸರು ಹಿಂದೆ ಪಾತ್ರೆಗಳ ಮಧ್ಯೆ. ಅದೂ ಊರ ಲೆಕ್ಕ. ಕೋಲಾರದ ರಸ್ತೆಯಲ್ಲಿ ಲಾರಿಯೊಂದು ಹಿಂದಿನಿಂದ ಬಂದು ಗುದ್ದಿತು. ಮುಂದೆ ಕೂತವರಿಗೆ ತರಚಿದ ಗಾಯ. ಹಿಂದೆ ಕೂತವರಲ್ಲಿ ಇಬ್ಬರ ಕೈ ಮುರಿಯಿತು. ಹಂಡೆಗೆ ಒರಗಿ ಕೂತಿದ್ದ ಆಕೆ ಆಸ್ಪತ್ರೆಯ ತನಕ ಬರಲಿಲ್ಲ.

ತಿಂಗಳುಗಳಾದ ಮೇಲೆ ಮಾಸ್ಟರ್ ನನ್ನ ಆಫೀಸಿಗೆ ಬಂದರು. ಸೊರಗಿದ್ದರು, ಗಡ್ಡ ಬಿಟ್ಟಿದ್ದರು. ನನಗೆ ಅಯ್ಯೋ ಅನ್ನಿಸಿ ಕಾಫಿ ತರಿಸಿದೆ. ಲಾರಿಯ ಇನ್ಶೂರೆನ್ಸಿನವರ ಮೇಲೆ ಪರಿಹಾರಕ್ಕೆ ಕೇಸು ಹಾಕಿದ್ದೇವೆ, ನೀವೊಂದು ಸಾಕ್ಷಿ ಹೇಳಬೇಕು ಎಂದರು.

"ಏನಂತ ಹೇಳ್ಬೇಕು?"

"ಒಲೆ ಮುಂದ್ಗಡೆ ಗಂಡಸ್ರಿಗ್ ಕೊಡೋ ಕೂಲೀನೇ ಅವ್ಳಿಗೂ ಕೊಡ್ತಿದ್ದೆ ಅಂತ."

ನಾನು ಕಾಫಿ ಲೋಟ ಕೆಳಗಿಟ್ಟೆ. "ಕೊಡ್ತಿದ್ರಾ ಮಾಸ್ಟ್ರೇ?"

"ಇವಾಗ ಅದೆಲ್ಲಾ ಯಾಕ್ ಮೇಡಂ? ಮನೇಲಿರೋ ಎಂಗ್ಸು ಅಂದ್ರೆ ಕಮ್ಮಿ ಬರ್ತದಂತೆ. ದುಡಿಯೋಳು, ಗಂಡಸ್ರ ಸಮ ಕೂಲಿ ಅಂದ್ರೆ ಜಾಸ್ತಿ ಬರ್ತದೆ ಅಂತ ಲಾಯರ್ ಏಳ್ದ್ರು. ಅವ್ಳು ಮಾಡ್ತಿದ್ದಿದ್ದು ನೀವೇ ನೋಡಿದ್ದೀರಲ್ಲ. ಸುಳ್ಳೇನಲ್ಲ."

ನೋಡಿ ಇದನ್ನು. ಬದುಕಿದ್ದಾಗ ಅಂಗೈ ತೋರಿಸಿ ಕೇಳಿದರೂ ಹೂಂ ಅನ್ನದ ಬಾಯಿ, ಆಕೆ ಸತ್ತು ಆ ಕೂಲಿ ತನಗೇ ಬರುತ್ತದೆ ಅಂದಾಗ ಎಷ್ಟು ಸಲೀಸಾಗಿ ಹೇಳಿತು. ಸಮ ಕೂಲಿ. ಆ ಎರಡು ಮಾತನ್ನು ಕೇಳಲು ಆಕೆ ಏನು ಬೇಕಾದರೂ ಕೊಡುತ್ತಿದ್ದಳು. ಆ ದಿನ ಮಾಸ್ಟರನ್ನು ಏನೆಂದು ಬೈದು ಕಳಿಸಿದೆನೋ ನೆನಪಿಲ್ಲ. ಓನರ್ ಮೇಲಿನಿಂದ ಇಳಿದು ಬಂದು ಏನು ಗಲಾಟೆ ಎಂದು ಕೇಳಿದರು ಎನ್ನುವುದು ಮಾತ್ರ ನೆನಪಿದೆ.

ಆಮೇಲೆ ಮಗಳು ಬಂದಳು. ನರಸಾಪುರದ ಕಡೆ ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಹೋಗುತ್ತಾಳೆ ಈಗ, ತಮ್ಮ ಇನ್ನೂ ಓದುತ್ತಿದ್ದಾನೆ. ಮನೆಯ ಅಡುಗೆ, ಹಸು, ಅಪ್ಪನ ಬಿಸಿನೀರು ಎಲ್ಲ ಶಿಫ್ಟಿನ ಹಿಂದೆ ಮುಂದೆ ಅವಳ ತಲೆಗೇ ಬಿದ್ದಿದೆ. ನಾನು ಸಂಕಟದಲ್ಲಿದ್ದೆ. ಇಲ್ಲ ಅಂದರೆ ಈ ಮಕ್ಕಳ ದುಡ್ಡು ಕಡಿಮೆಯಾಗುತ್ತದೆ. ಹೌದು ಅಂದರೆ ಆಕೆ ಕೇಳಿದ್ದನ್ನೆಲ್ಲ ಈಸಿಕೊಂಡೇ ಸತ್ತಳು ಎಂದು ನಾನೇ ಬರೆಸಿದಂತಾಗುತ್ತದೆ. ಅದನ್ನೇ ಅವಳಿಗೆ ಹೇಳಿದೆ. ಹುಡುಗಿ ತಾಯಿಯಷ್ಟೇ ಕುಳ್ಳಿ. ಹೆಚ್ಚು ಯೋಚನೆ ಮಾಡಲಿಲ್ಲ.

"ದುಡ್ಡು ಎಷ್ಟಾನ ಬರ್ಲಿ ಆಂಟಿ. ಅಮ್ಮ ಈಸ್ಕಂಡ್ಲು ಅಂತ ಮಾತ್ರ ಏಳ್ಬೇಡಿ. ಈಸ್ಕಳ್ದಂಗೇ ಓದ್ಲು."

ಸಾಕ್ಷಿಗೆ ಬರುತ್ತೇನೆ ಎಂದಷ್ಟೇ ಮಾಸ್ಟರಿಗೆ ಹೇಳಿ ಕಳಿಸಿದೆ. ಕೋರ್ಟಿನಲ್ಲಿ ಮೊದಲು ಮಾಸ್ಟರ್ ಕಟಕಟೆ ಹತ್ತಿದರು. ನನ್ನ ಹೆಂಡತಿ ನನ್ನ ಸರಿಸಮ ದುಡಿಯುತ್ತಿದ್ದಳು, ಒಲೆಯ ಕೆಲಸವನ್ನೂ ಮಾಡುತ್ತಿದ್ದಳು, ಅವಳಿಲ್ಲದೆ ನನ್ನ ಕೆಲಸ ನಡೆಯುತ್ತಿರಲಿಲ್ಲ, ಗಂಡಸರ ಕೂಲಿಯೇ ಕೊಡುತ್ತಿದ್ದೆ ಎಂದು ವಕೀಲರು ಕಲಿಸಿಕೊಟ್ಟದ್ದನ್ನೆಲ್ಲ ಒಪ್ಪಿಸಿದರು. ಕೊನೆಯದೊಂದನ್ನು ಬಿಟ್ಟರೆ ಎಲ್ಲ ನಿಜ. ಹೇಳುತ್ತಾ ಹೇಳುತ್ತಾ ಹೆಗಲ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡರು. ನಾಟಕವಲ್ಲ ಅದು, ನಿಜವಾಗಿಯೂ ಅತ್ತರು. ಅದು ನನ್ನ ಸಿಟ್ಟನ್ನು ಇನ್ನೂ ಹೆಚ್ಚಿಸಿತು. ಇಷ್ಟೆಲ್ಲ ಅವರಿಗೆ ಗೊತ್ತೇ ಇತ್ತು.

ಆಮೇಲೆ ನನ್ನನ್ನು ಕರೆದರು. ಮೃತರು ಎಷ್ಟು ಕೂಲಿ ಪಡೆಯುತ್ತಿದ್ದರು ಎಂದು ನಮ್ಮ ವಕೀಲರೇ ಕೇಳಿದರು.

"ಸಿಗಬೇಕಾಗಿದ್ದದ್ದು ಗಂಡಸರ ಕೂಲಿ. ಕೊಟ್ಟದ್ದು ಅದರ ಅರ್ಧ. ಅದೂ ಕಡೆಯ ಕೆಲವು ವರ್ಷ. ಅದಕ್ಕೆ ಮೊದಲು ಏನೂ ಕೊಡಲಿಲ್ಲ."

ವಕೀಲರ ಮುಖ ಇಳಿಯಿತು. ಇನ್ಶೂರೆನ್ಸಿನ ವಕೀಲರು ಖುಷಿಯಾಗಿ ಎದ್ದು ನಿಂತರು. ಅಂದರೆ ಅದಕ್ಕೆ ಮೊದಲು ಅವರು ಸುಮ್ಮನೆ ಮನೆಯಲ್ಲಿದ್ದರು ಅನ್ನಿ, ಎಂದರು.

"ಮನೆಯಲ್ಲಿದ್ದರು. ಸುಮ್ಮನೆ ಇರಲಿಲ್ಲ" ಎಂದೆ. ಆಕೆ ಏನೇನು ಮಾಡುತ್ತಿದ್ದಳು ಎಂದು ಹೇಳತೊಡಗಿದೆ. ಕೇಳಿದ್ದಕ್ಕಷ್ಟೇ ಉತ್ತರ ಕೊಡಿ ಎಂದರು. ನಾನು ನಿಲ್ಲಿಸಲಿಲ್ಲ. ಮುದ್ದೆ, ಪಾತ್ರೆ, ಹಸು, ಸಗಣಿ, ಜ್ವರ, ಬಿಸಿನೀರು ಎಲ್ಲ ಹೇಳಿದೆ. ಟೈಪಿಸ್ಟ್ ಹೆಂಗಸು ಕೈ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು, ಬರೆದುಕೊಳ್ಳಿ ಎಂದು ಯಾರೂ ಅವರಿಗೆ ಹೇಳಲಿಲ್ಲ.

ಹೊರಗೆ ಬೇವಿನ ಮರದ ಕೆಳಗೆ ನಮ್ಮ ವಕೀಲರು ನನ್ನ ಮೇಲೆ ಹರಿಹಾಯ್ದರು. ಗಂಡಸರ ಕೂಲಿಯ ಮೇಲೆ ಕೇಸು ಕಟ್ಟಿದ್ದೆವು, ನಿಮ್ಮ ಬಾಯಿಂದಾಗಿ ಈಗ ಅರ್ಧ ಕೂಲಿಯ ಲೆಕ್ಕಕ್ಕೆ ಇಳಿಸುತ್ತಾರೆ ಎಂದು ಫೈಲು ಕಂಕುಳಿಗೆ ಸಿಕ್ಕಿಸಿ ಹೊರಟುಹೋದರು. ಮಾಸ್ಟರ್ ಅಲ್ಲೇ ನಿಂತಿದ್ದರು. ಕಣ್ಣು ಕೆಂಪಾಗಿತ್ತು. ಮಗಳು ಅವರ ಪಕ್ಕದಲ್ಲಿದ್ದಳು.

"ಎಂಥಾ ಕೆಲ್ಸಗಾರ್ತಿ ಮೇಡಂ ಅವ್ಳು. ನಾಕ್ ಜನದ್ ಕೆಲ್ಸ ಒಬ್ಳೇ ಎಳ್ಯೋಳು. ಅಂಥೋಳ್ಗೆ ಅರ್ಧ ಕೂಲಿ ಕಟ್ತೀವಿ ಅಂದ್ರೆ ಅದ್ಯಾವ್ ನ್ಯಾಯ? ನೀವೇ ಏಳಿ."

ನಾನು ಬಾಯಿ ತೆರೆಯುವ ಮೊದಲೇ ಮಗಳು ಮಾತಾಡಿದಳು. ಜೋರಾಗಿಯೇನೂ ಅಲ್ಲ.

"ಅಮ್ಮಾನೂ ನಿನ್ನ ಇದೇ ಕೇಳ್ತಿದ್ಲಲ್ಲಪ್ಪ. ನೀನೇನ್ ಏಳ್ತಿದ್ದೆ?"

ಮಾಸ್ಟರ್ ಮಗಳ ಮುಖ ನೋಡಿದರು.